ಧರ್ಮಪ್ಪನ ಏಣಿ ಮತ್ತು ಐದು ಸಿಲಿಂಡರು

೧

ಮೊದಲು ಬಸ್ಸನ್ನು ತರಲೋ, ಧರ್ಮಪ್ಪನನ್ನೋ? ಬಸ್ಸು ಹನ್ನೆರಡು ಮೀಟರ್ ಉದ್ದ, ಮೊದಲ ಸಾಲಿನಲ್ಲಿ ತಿರುಗುವುದಿಲ್ಲ. ಧರ್ಮಪ್ಪ ಐದಡಿ ಮೂರಿಂಚು. ಅವನೇ ಬರಲಿ.

ಜನ್ನಾಪುರದ ಧರ್ಮಪ್ಪ ಮಾಚೇನಹಳ್ಳಿಯ ಶೆಡ್ಡೊಂದರಲ್ಲಿ ಮೂವತ್ತೊಂದು ವರ್ಷದಿಂದ ಬಸ್ಸುಗಳಿಗೆ ಬಾಡಿ ಕಟ್ಟುತ್ತಿದ್ದಾನೆ. ಈಗ ಮೊದಲ ಸಲ ಹೈಡ್ರೋಜನ್ ಬಸ್ಸು. ಅದರ ನೆತ್ತಿಯ ಮೇಲೆ ಐದು ಸಿಲಿಂಡರು ಕೂರಿಸಬೇಕು. "ಹಗುರದ ಗ್ಯಾಸು. ಸೋರಿದ್ರೂ ಮೇಲಕ್ಕೇ ಹೋಗುತ್ತೆ, ಜನರ ಮೂಗಿಗೆ ಬರಲ್ಲ" ಎಂದು ಅವನು ಹೆಂಡತಿ ದ್ಯಾಮಮ್ಮನಿಗೆ ಊಟದ ಹೊತ್ತಿನಲ್ಲಿ ಪಾಠ ಮಾಡಿದ್ದಾನೆ.

(ಮೊದಲ ಡ್ರಾಫ್ಟಿನಲ್ಲಿ ಇಲ್ಲೊಂದು ಸ್ಫೋಟವಿತ್ತು. ಧರ್ಮಪ್ಪ ಸಿಟ್ಟಾದ. "ನಾನು ಬಿಗಿದ ಬೋಲ್ಟು ಸಡಿಲ ಆಯ್ತು ಅಂತ ಬರ್ದಿದ್ದೀರಾ? ಬನ್ನಿ ಮಾರಾಯ್ರೆ, ಅಲ್ಲಾಡ್ಸಿ ನೋಡಿ." ಹೋಗಿ ಅಲ್ಲಾಡಿಸಿದೆ. ನಾನು ಅಲ್ಲಾಡಿದೆ, ಬೋಲ್ಟು ಅಲ್ಲಾಡಲಿಲ್ಲ. ಸ್ಫೋಟವನ್ನು ಹೊಡೆದುಹಾಕಿದ್ದೇನೆ.)

೨

ಸ್ಫೋಟವಿಲ್ಲದಿದ್ದರೆ ಕಥೆಯಲ್ಲಿ ಏನಿದೆ ಎನ್ನುತ್ತೀರಾ? ಹೇಳುತ್ತೇನೆ. ಈ ಬಸ್ಸು ಇವತ್ತಿನ ತಪಾಸಣೆಯಲ್ಲಿ ಪಾಸಾದರೆ ಇನ್ನೂ ಒಂಬತ್ತು ಬಸ್ಸು ಇದೇ ಶೆಡ್ಡಿಗೆ ಬರುತ್ತವೆ. ಫೇಲಾದರೆ ಅವು ಪುಣೆಗೆ, ಶೆಡ್ಡಿಗೆ ಬೀಗ. ಕಂಪನಿಯ ಇಂಜಿನಿಯರ್ ಅಮೂಲ್ಯ, "ಪುಣೆಯವರು ಬೇಡ, ಧರ್ಮಣ್ಣ ಸಾಕು" ಎಂದು ಮೇಲಿನವರಿಗೆ ಮಾತು ಕೊಟ್ಟಿದ್ದಾಳೆ.

೨ (ಮತ್ತೆ, ಯಾಕೆಂದರೆ ಮುಖ್ಯವಾದದ್ದನ್ನು ಮರೆತಿದ್ದೆ)

ತಪಾಸಣೆ ಮೂರು ಗಂಟೆಗೆ. ಹತ್ತೂವರೆಗೆ ಅಮೂಲ್ಯ ಬಸ್ಸಿನ ಹಿಂದೆ ನಿಂತು ಕೂಗಿದಳು.

"ಧರ್ಮಣ್ಣ, ಇದೇನಿದು?"

"ಏಣಿ ಮೇಡಂ."

"ಡ್ರಾಯಿಂಗಲ್ಲಿ ಎಲ್ಲಿದೆ ಏಣಿ?"

"ಡ್ರಾಯಿಂಗಲ್ಲಿ ಇಲ್ಲ. ಆದ್ರೆ ಬಸ್ಸಿಗೆ ಇರುತ್ತಲ್ಲ?"

ಮೂವತ್ತೊಂದು ವರ್ಷ ಪ್ರತಿ ಬಸ್ಸಿನ ಬೆನ್ನಿಗೂ ಏಣಿ ಬೆಸೆದ ಕೈ. ಹಿಂದಿನ ಗಾಜು ಕೂರಿಸಿದ ಮೇಲೆ ಅದು ಯಾರನ್ನೂ ಕೇಳದೆ ಈ ಬಸ್ಸಿಗೂ ಏಣಿ ಬೆಸೆದುಬಿಟ್ಟಿತ್ತು.

"ಏಣಿ ಇದ್ರೆ ಜನ ಹತ್ತುತ್ತಾರೆ. ಸಿಲಿಂಡರ್ ಮೇಲೆ ಬಾಳೆಗೊನೆ, ಸೈಕಲ್ಲು, ಕೋಳಿಬುಟ್ಟಿ ಎಲ್ಲ ಏರಿಸ್ತಾರೆ. ತಪಾಸಣೆಯವರು ನೋಡಿದ ಕೂಡಲೇ ಫೇಲ್ ಮಾಡ್ತಾರೆ!"

"ಅಲ್ಲ ಮೇಡಂ, ಮೂರು ದಿನದಿಂದ ನೀವು ಯಾವ್ದರಲ್ಲಿ ಹತ್ತಿ ಇಳೀತಿದ್ರಿ?"

ಅಮೂಲ್ಯ ಡ್ರಾಯಿಂಗನ್ನು ಮಡಚಿ ಕಂಕುಳಲ್ಲಿಟ್ಟಳು. (ತಪ್ಪು ನನ್ನದೂ ಹೌದು. ಆ ಮೂರು ದಿನಗಳನ್ನು ಬರೆದವನು ನಾನೇ.)

೩

ಏಣಿ ಕೊಯ್ದು ತೆಗೆಯಲು ಗ್ರೈಂಡರ್ ಹಿಡಿದರೆ ಎರಡು ನಿಮಿಷದ ಕೆಲಸ. ಆದರೆ ಕಿಡಿ ಹಾರುತ್ತದೆ, ಸಿಲಿಂಡರಿನಲ್ಲಿ ನಿನ್ನೆಯೇ ಗ್ಯಾಸು ತುಂಬಿದೆ. ಹಾಗಾಗಿ ನೀರು ಸುರಿಯುತ್ತ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ಯಬೇಕು. ನಾಲ್ಕು ಬೆಸುಗೆ. ಬೆಸೆದವನೋ ಧರ್ಮಪ್ಪ! ಒಂದೊಂದಕ್ಕೂ ಒಂದು ಗಂಟೆ. ತನ್ನ ಕೆಲಸ ಇಷ್ಟು ಗಟ್ಟಿ ಎಂದು ಜೀವನದಲ್ಲಿ ಮೊದಲ ಸಲ ಅವನು ತನ್ನನ್ನೇ ಬೈದುಕೊಂಡ.

"ಸಾರ್, ಒಂದು ಪ್ಯಾರಾ ಬಿಟ್ಟು 'ನಾಲ್ಕೂ ಕೊಯ್ದಾಯ್ತು' ಅಂತ ಬರ್ದ್ಬಿಡಿ."

"ಓದುಗರು ನಂಬಲ್ಲ ಧರ್ಮಪ್ಪ."

"ಹಾಗಾದ್ರೆ ನೀರಾದ್ರೂ ಹಾಕಿ!"

ನೀರು ಹಾಕಿದೆ.

೪

ಮುಕ್ತಾಯ ಒಂದು: ಏಣಿ ಬಿತ್ತು, ಬಸ್ಸು ಪಾಸಾಯಿತು, ಪೇಡ ಹಂಚಿದರು. (ಧರ್ಮಪ್ಪನಿಗೆ ಇಷ್ಟ. ನನಗೆ ಸಪ್ಪೆ.)

ಮುಕ್ತಾಯ ಎರಡು: ಬ್ಲೇಡು ಮುರಿಯಿತು, ಶೆಡ್ಡು ಮುಚ್ಚಿತು. (ಬರೆದು ನೋಡಿದೆ. ದ್ಯಾಮಮ್ಮ ನನ್ನ ಮನೆಗೇ ಬಂದಾಳು.)

ಇವೆರಡರ ನಡುವೆ ನಾನು ಒದ್ದಾಡುತ್ತಿರುವಾಗ ತಪಾಸಣೆಯ ವಿಶ್ವಾರಾಧ್ಯರು ಒಂದು ಗಂಟೆ ಮೊದಲೇ ಬಂದುಬಿಟ್ಟರು. ಮೂರು ಬೆಸುಗೆ ಕೊಯ್ದಾಗಿತ್ತು, ಒಂದು ಉಳಿದಿತ್ತು. ಧರ್ಮಪ್ಪ ಹ್ಯಾಕ್ಸಾವನ್ನು ಪ್ಯಾಂಟಿನ ಹಿಂದೆ ಸಿಕ್ಕಿಸಿಕೊಂಡು, ಏಣಿಯನ್ನು ಎರಡೂ ಕೈಯಲ್ಲಿ ಬಸ್ಸಿಗೆ ಒತ್ತಿ ಹಿಡಿದು, ಸುಮ್ಮನೆ ಒರಗಿದವನ ಹಾಗೆ ನಿಂತ.

ವಿಶ್ವಾರಾಧ್ಯರು ಬಸ್ಸು ಸುತ್ತಿದರು. ಬಗ್ಗಿ ನೋಡಿದರು, ತಟ್ಟಿ ನೋಡಿದರು. ಕೊನೆಗೆ ಏಣಿಯ ಮುಂದೆ ನಿಂತರು. ಅಮೂಲ್ಯ ಕಣ್ಣು ಮುಚ್ಚಿದಳು.

"ಅಬ್ಬ!" ಎಂದರು ವಿಶ್ವಾರಾಧ್ಯರು. "ಒಬ್ಬರಾದ್ರೂ ಏಣಿ ಇಟ್ಟಿದ್ದೀರಲ್ಲಪ್ಪ. ಹೋದ ಕಡೆಯೆಲ್ಲ ಟೇಬಲ್ ಮೇಲೆ ಕುರ್ಚಿ ಇಟ್ಟು ಹತ್ತಿಸ್ತಾರೆ ನನ್ನನ್ನ. ಸಿಲಿಂಡರ್ ಬೋಲ್ಟು ಮೇಲೆ ಹೋಗಿ ನೋಡದೆ ಹೇಗ್ರಿ ಸಹಿ ಹಾಕೋದು?"

ಹೇಳಿ, ತೊಂಬತ್ತು ಕೆಜಿಯ ದೇಹದ ಬಲಗಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟರು.

೫

ಏಣಿಗೆ ಎಂಟು ಮೆಟ್ಟಿಲು. ಅವರು ಈಗ ಮೂರನೆಯದರಲ್ಲಿದ್ದಾರೆ.

"ಧರ್ಮಪ್ಪ, ಮುಗಿಸಿಬಿಡಲಾ?"

"ನೀವು ಮುಗ್ಸಿದ್ರೆ ನಾನು ಕೈ ಬಿಡ್ಬೇಕಾಗುತ್ತೆ. ಸುಮ್ನಿರಿ ಮಾರಾಯ್ರೆ."

"ಕೈ ನೋಯುತ್ತಾ?"

"ಮೂವತ್ತೊಂದು ವರ್ಷದ ಏಣಿಗಳೆಲ್ಲ ಒಟ್ಟಿಗೇ ನೇತಾಡ್ದಂಗಿದೆ."

ಅಮೂಲ್ಯ ಓಡಿಬಂದು ಎಡಗಡೆ ಹಿಡಿದಳು. ನಾಲ್ಕನೆಯ ಮೆಟ್ಟಿಲು. ಪೆನ್ನು ಕೆಳಗಿಟ್ಟು ನಾನೂ ಬಲಗಡೆ ಹಿಡಿದಿದ್ದೇನೆ, ಹಾಗಾಗಿ ಇನ್ನು ಬರೆಯುವುದು ಕಷ್ಟ. ಓದುಗರೇ, ಈ ಪುಟದ ಅಂಚು ಹಿಡಿದುಕೊಂಡಿದ್ದೀರಲ್ಲ? ಅವರು ಇಳಿಯುವವರೆಗೆ ಹಾಗೇ ಹಿಡಿದಿರಿ,