ಶಂಖದ ಲಾರಿ ಏರು ಹತ್ತಿದ್ದು

ಕಡೂರಿನ ತೆಂಗಿನಕಾಯಿ ವ್ಯಾಪಾರಿ ಈರಭದ್ರಪ್ಪನಿಗೆ ಮೂಗಿನ ತುದಿಯಲ್ಲಿ ಕೋಪ, ಮೀಸೆಯ ತುದಿಯಲ್ಲಿ ಮಾನ. ಆ ಮಾನ ಹೋದದ್ದು ಅಜ್ಜಂಪುರದ ಏರಿನಲ್ಲಿ. ಮಗಳನ್ನು ಕೊಟ್ಟ ಮನೆ ಇದ್ದದ್ದು ಆ ಏರಿನ ಮೇಲೆಯೇ. ಯುಗಾದಿಗೆ ಕಾಯಿ ಹೇರಿಕೊಂಡು ಹೋದ ಲಾರಿ ಅರ್ಧ ಏರಿಗೆ ಸೋತು ನಿಂತಾಗ, ಬೀಗ ಮುದ್ದಪ್ಪ ತನ್ನ ಎತ್ತು ಕಟ್ಟಿ ಎಳೆಸಿದ್ದ. "ಬೀಗ್ರೇ, ಮುಂದಿನ ಸಲ ಎತ್ತಿನ್ ಗಾಡೀಲೇ ಬಂದ್ಬಿಡಿ, ಬೇಗ ಬತ್ತೀರಿ" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಿದ್ದ. ದಸರೆ ಕಳೆದ ಕೂಡಲೇ ಬಸುರಿ ಮಗಳಿಗೆ ಅಲ್ಲೇ ಕುಬುಸದ ಶಾಸ್ತ್ರ. ಈ ಸಲ ನಿಲ್ಲದೆ ಏರು ಹತ್ತಿ ಬೀಗನ ಬಾಗಿಲಲ್ಲಿ ಹಾರನ್ ಹೊಡೆಯದಿದ್ದರೆ ಬದುಕಿ ಫಲವಿಲ್ಲ ಎಂದು ಈರಭದ್ರಪ್ಪ ನಿರ್ಧರಿಸಿಬಿಟ್ಟ.

ಅಣೆಕಟ್ಟೆಯ ಕೆಲಸ ಮುಗಿಯುತ್ತ ಬಂದಾಗ ಹರಾಜಿನಲ್ಲಿ ಹಿಡಿದ ಪರದೇಶದ ಹಳೇ ಡೀಸೆಲ್ ಲಾರಿ ಅದು. ಇಂಜಿನ್ನಿನ ಪಕ್ಕದಲ್ಲಿ ಟರ್ಬೊ ಎಂಬ ಒಂದು ಸಲಕರಣೆ. ಹೊರಗೆ ಹೋಗುವ ಹೊಗೆಯ ರಭಸಕ್ಕೆ ಅದರೊಳಗಿನ ಚಕ್ರ ತಿರುಗಿ, ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತಿತ್ತು. ನೋಡಲು ಶಂಖದ ಆಕಾರ, ಓಡುವಾಗ ಊದಿದ ಸದ್ದು. ಹೀಗಾಗಿ ಕಡೂರಿನವರ ಬಾಯಲ್ಲಿ ಅದು ಶಂಖವೇ ಆಯಿತು.

ತರೀಕೆರೆಯ ಮಹಬೂಬ್ ಸಾಬ್ ಅಣೆಕಟ್ಟೆಯಲ್ಲಿ ಇಂಥ ಲಾರಿಗಳನ್ನು ರಿಪೇರಿ ಮಾಡಿದವನು. ಅದನ್ನು ಹೇಳಿಕೊಳ್ಳದೆ ಅವನ ಕೈಯಲ್ಲಿ ಸ್ಪ್ಯಾನರ್ ತಿರುಗುತ್ತಿರಲಿಲ್ಲ. ಈರಭದ್ರಪ್ಪ ಲಾರಿಯನ್ನು ಅವನ ಮುಂದೆಯೇ ತಂದು ನಿಲ್ಲಿಸಿದ.

"ಜೋರು ಹೆಚ್ಚಿಸ್ಬೇಕಾ? ಆಯ್ತು. ಮೊದ್ಲು ಬ್ರೇಕು."

"ಓಡ್ಸೋಕೆ ಕೇಳಿದ್ರೆ ನಿಲ್ಸೋಕೆ ಹೇಳ್ತೀಯಲ್ಲೋ ಸಾಬಿ!"

"ಡ್ಯಾಮಲ್ಲಿ ಹಂಗೇ ಕಣ್ರೀ. ನಿಲ್ಲೋಕೆ ಬರ್ದೇ ಇದ್ದದ್ದಕ್ಕೆ ಓಡೋದು ಕಲಿಸ್ತಿರ್ಲಿಲ್ಲ."

ಬ್ರೇಕು ಹೊಸದಾಯಿತು, ರೇಡಿಯೇಟರಿನ ಹೂಳು ಹೋಯಿತು, ಗಾಳಿ ಸೋಸುವ ಜಾಲರಿ ತೊಳೆದದ್ದಾಯಿತು. ಈರಭದ್ರಪ್ಪ ಹಲ್ಲು ಕಡಿಯುತ್ತ ಕೂತಿದ್ದ. ಕೊನೆಗೆ ಸಾಬ್ ಹೊಗೆಯ ಶಾಖ ತೋರಿಸುವ ಒಂದು ಮೀಟರು ಕೂರಿಸಿ, ಡೀಸೆಲ್ ಪಂಪಿನ ತಿರುಪನ್ನು ತುಸುವೇ ತಿರುಗಿಸಿದ. "ಮುಳ್ಳು ಕೆಂಪು ಗೆರೆ ಮುಟ್ಟಿದ್ರೆ ಕಾಲು ತೆಗೀಬೇಕು. ತಿರುಪು ಮಾತ್ರ ಮುಟ್ಬೇಡಿ. ಡೀಸೆಲ್ ಜಾಸ್ತಿ ಆದ್ರೆ ಶಂಖ ಸುಟ್ಟು ಹೋಯ್ತದೆ."

ಲಾರಿ ಚೆನ್ನಾಗಿಯೇ ಎಳೆಯಿತು. ಡ್ರೈವರ್ ಸಣ್ಣಬೀರಪ್ಪ ಹಿಗ್ಗಿ ಹೀರೇಕಾಯಿಯಾದ. ಈರಭದ್ರಪ್ಪನ ಮುಖ ಮಾತ್ರ ಬಾಡಿತು. ಹೊಗೆಯೇ ಇಲ್ಲ! ಹಿಂದಿನ ಬಸ್ಸಿನವರು ಕೆಮ್ಮದಿದ್ದರೆ ಮುಂದೆ ಹೋದವನಿಗೆ ಯಾವ ಮರ್ಯಾದೆ?

"ಬೆಂಕಿ ಇಲ್ದೆ ಹೊಗೆ ಆಡಲ್ಲ ಅಂತಾರೆ. ಹೊಗೇನೇ ಇಲ್ಲ ಅಂದ್ರೆ ಬೆಂಕಿ ಎಲ್ಲೈತೋ?" ಎನ್ನುತ್ತ ತಾನೇ ತಿರುಪನ್ನು ಒಂದು ಸುತ್ತು ತಿರುವಿದ. ಆಮೇಲೆ ಎದ್ದ ಹೊಗೆಗೆ ಎದುರು ಮನೆಯ ದುರ್ಗಮ್ಮ ಒಣಹಾಕಿದ್ದ ಹಪ್ಪಳಗಳೆಲ್ಲ ಕಪ್ಪಾದವು. ಅವಳು ಏಳು ತಲೆಮಾರು ಹಿಡಿದು ಬೈದದ್ದು ಅವನ ಕಿವಿಗೆ ಮಂಗಳವಾದ್ಯದಂತೆ ಕೇಳಿಸಿತು.

ಆಯುಧಪೂಜೆ ಬಂತು. ಲಾರಿಯ ಮೂತಿಗೆ ಎರಡು ಬಾಳೆಕಂದು ಕಟ್ಟಿ, ರೇಡಿಯೇಟರು ಕಾಣದಷ್ಟು ಚೆಂಡುಹೂವಿನ ಹಾರ ಹಾಕಿದರು. ಈರಭದ್ರಪ್ಪ ಭಕ್ತಿಯಿಂದ ಸ್ಟೇರಿಂಗಿಗೆ, ದೀಪಗಳಿಗೆ, ಇದ್ದಬದ್ದ ಮೀಟರಿಗೆಲ್ಲ ಮೂರು ಬೆರಳಿನಲ್ಲಿ ದಪ್ಪಗೆ ವಿಭೂತಿ ಎಳೆದ.

"ಗಾಜಿನ ಮೇಲೆ ಬಳಿದ್ರೆ ಮುಳ್ಳು ಹೆಂಗ್ ಕಾಣ್ತದೆ?" ಎಂದಳು ಹೆಂಡತಿ ಯಲ್ಲಮ್ಮ.

"ದೇವ್ರಿಗೆ ಕಂಡ್ರೆ ಸಾಕು ಕಣೇ."

ಕುಬುಸದ ದಿನ ಲಾರಿಯ ಹಿಂದುಗಡೆ ಬುತ್ತಿಯ ಗಂಟು, ಕಾಯಿ ಮೂಟೆ, ಹಾಡು ಹೇಳುವ ಹೆಂಗಸರು, ನಡುವೆ ಯಲ್ಲಮ್ಮ; ಮುಂದೆ ಡ್ರೈವರಿನ ಪಕ್ಕದಲ್ಲಿ ಈರಭದ್ರಪ್ಪ. ಏರಿನ ಬುಡದಲ್ಲಿ ಸಣ್ಣಬೀರಪ್ಪ ಅಳುಕುತ್ತ ಮೀಟರು ತೋರಿಸಿ ಕೇಳಿದ, "ಯಜಮಾನ್ರೇ, ಒಸಿ ಒರೆಸ್ಲಾ?"

"ಹಬ್ಬದ ವಿಭೂತಿ ಅಳಿಸ್ತೀಯೇನೋ ಪಾಪಿ? ಒತ್ತು!"

ಶಂಖ ಊದಿತು. ಕರಿಹೊಗೆ ಊರು ಮುಚ್ಚಿತು. ಮುದ್ದಪ್ಪನ ಬೀದಿಯವರೆಲ್ಲ ಹೊರಗೆ ಬಂದರು. ಈರಭದ್ರಪ್ಪ ಮೀಸೆ ತಿರುವಿ ಹಾರನ್ನಿಗೆ ಕೈ ಹಾಕಿದ್ದಷ್ಟೇ, ಶಂಖ ಕಿರುಚಿ, ಖಟಾರನೆ ಸದ್ದು ಮಾಡಿ ಸುಮ್ಮನಾಯಿತು. ಬಾಳೆಕಂದಿನ ಸಂದಿಯಿಂದ ಆವಿ ಎದ್ದಿತು. ಇಂಜಿನ್ ನಿಂತಿತು. ಲಾರಿ ಹಿಂದಕ್ಕೆ ಜಾರತೊಡಗಿತು.

ಹಾಡು ಹೋಗಿ ಚೀರಾಟವಾಯಿತು. ಆ ಗಳಿಗೆಯಲ್ಲಿ ಈರಭದ್ರಪ್ಪನಿಗೆ ಬೀಗನೂ ಬೇಡವಾದ, ಮೀಸೆಯೂ ಬೇಡವಾಯಿತು. ಹಿಂದುಗಡೆ ಯಲ್ಲಮ್ಮ ಇದ್ದಾಳೆ ಎಂಬುದೊಂದೇ ನೆನಪಾಯಿತು. ಸಣ್ಣಬೀರಪ್ಪ ಎದ್ದು ನಿಂತಂತೆ ಬ್ರೇಕು ತುಳಿದ. ಲಾರಿ ಬೇರು ಬಿಟ್ಟಂತೆ ನಿಂತಿತು.

ಮುದ್ದಪ್ಪ ಎತ್ತು ಹೊಡೆದುಕೊಂಡು ಬಂದ. ನೊಗ ಕಟ್ಟುವಷ್ಟರಲ್ಲಿ ಎತ್ತುಗಳು ಬಾಳೆಕಂದು, ಹಾರ ಎರಡನ್ನೂ ಮೇದು ರೇಡಿಯೇಟರಿಗೆ ಗಾಳಿ ಬಿಟ್ಟಿದ್ದವು. ಯಲ್ಲಮ್ಮ ಇಳಿದು ಬಂದು, ಸೆರಗಿನಿಂದ ಮೀಟರು ಒರೆಸಿದಳು. ಕೆಂಪು ಗೆರೆ ದಾಟಿದ್ದ ಮುಳ್ಳು ಆಗ ಮೆಲ್ಲಗೆ ಇಳಿಯುತ್ತಿತ್ತು.

"ಇದು ದಾರಿಯುದ್ದಕ್ಕೂ ಹೇಳ್ತಾನೇ ಇತ್ತು ಕಣ್ರೀ. ನೀವೇ ಅದ್ರ ಬಾಯಿಗೆ ವಿಭೂತಿ ಬಳ್ದಿದ್ರಿ."

ಮುದ್ದಪ್ಪ ಈ ಸಲ ನಗಲಿಲ್ಲ. ಚಕ್ರದ ಹತ್ತಿರ ಬಗ್ಗಿ ನೋಡಿ, ನಿಜವಾದ ಮೆಚ್ಚುಗೆಯಿಂದ ಕೇಳಿದ, "ಬೀಗ್ರೇ, ಬ್ರೇಕು ಭೇಷಾಗೈತೆ. ಯಾರತ್ರ ಹಾಕ್ಸಿದ್ರಿ?"

ನಕ್ಕಿದ್ದರೇ ವಾಸಿಯಿತ್ತು. "ತರೀಕೆರೆ ಸಾಬ್ರತ್ರ" ಎಂದು ಈರಭದ್ರಪ್ಪ ಮೀಸೆಯ ಮೇಲಿನ ಮಸಿಯನ್ನೂ ಒರೆಸಿಕೊಳ್ಳದೆ ಎತ್ತುಗಳ ಹಿಂದೆ ನಡೆದ.