ಕಂಬಿಯಲ್ಲ, ಕಡ್ಡಿ

ಕೆಲಸ ಮುಗಿಸಿ ಮನೆಗೆ ಬಂದಾಗ ಸೈಕಲ್ಲಿನ ಮುಂದಿನ ಚಕ್ರಕ್ಕೆ ಮಡ್‌ಗಾರ್ಡ್ ಬಂದಿತ್ತು.

ಮೆಟ್ಟಿಲ ಕೆಳಗೆ ಒರಗಿಸಿಡುವ ಹಳೆಯ ಸೈಕಲ್ಲು ಅದು, ನನ್ನ ಗಂಡನದು. ಮಡ್‌ಗಾರ್ಡ್ ಎಷ್ಟೋ ಕಾಲದಿಂದ ಪಕ್ಕದ ಗೋಡೆಯ ಮೊಳೆಗೆ ತೂಗುಬಿದ್ದಿತ್ತು. ಈಗ ಮೊಳೆ ಬರಿದಾಗಿತ್ತು. ಚೀಲವನ್ನು ಕೆಳಗಿಡದೆ ಬಗ್ಗಿ ನೋಡಿದೆ. ಮಡ್‌ಗಾರ್ಡನ್ನು ಎರಡೂ ಕಡೆಯಿಂದ ಹಿಡಿದು ನಿಂತಿದ್ದ ಕಂಬಿಗಳು ಹೊಳೆಯುತ್ತಿದ್ದವು. ಆ ಸೈಕಲ್ಲಿನಲ್ಲಿ ಬೇರೆ ಯಾವುದೂ ಹಾಗೆ ಹೊಳೆಯುವುದಿಲ್ಲ. ಆ ಹೊಳಪು ನನ್ನ ಕೈಯದು.

ಒಳಗೆ ಹೋದೆ. ಹೆಣಿಗೆಯ ಬುಟ್ಟಿ ಮಂಚದ ಮೇಲಿತ್ತು. ಸ್ವೆಟರಿನ ಬೆನ್ನು ಇತ್ತು, ಎದೆ ಇತ್ತು, ಬಲತೋಳು ಇತ್ತು. ಅರ್ಧಕ್ಕೆ ನಿಂತಿದ್ದ ಎಡತೋಳು ಇರಲಿಲ್ಲ. ಅದರ ಜಾಗದಲ್ಲಿ ಬೂದು ಉಲ್ಲನ್ನಿನ ಒಂದು ಉಂಡೆ. ದಾರ ಜಡೆ ಬಿಚ್ಚಿದ ಕೂದಲಿನ ಹಾಗೆ ಗುಂಗುರಾಗಿತ್ತು.

"ನಾನೇ ಸುತ್ತಿಟ್ಟೆ," ಎಂದರು ಅತ್ತೆ, ಬಾಗಿಲಲ್ಲಿ ನಿಂತು. "ಚಿಕ್ಕೋನು ಕಂಬಿ ಎಳ್ಕೊಂಡ ಮೇಲೆ ಕುಣಿಕೆ ಒಂದೊಂದೇ ಬಿಟ್ಕೊಂಡು ಹೋಗ್ತಿತ್ತು. ನೋಡೋಕಾಗ್ಲಿಲ್ಲ. ಗಂಟು ಬೀಳ್ದಂಗೆ ಸುತ್ತಿದ್ದೀನಿ ನೋಡು."

ನಿಜ, ಒಂದೂ ಗಂಟಿರಲಿಲ್ಲ.

ಮೈದುನ ತಲೆ ಒರೆಸಿಕೊಳ್ಳುತ್ತ ಬಂದ. ಮುಖದ ತುಂಬ ನಗು. "ನೋಡಿದ್ರಾ ಅತ್ತಿಗೆ? ಈಗ ಪೂರ್ತಿ ಸೈಕಲ್ ಆಯ್ತು. ಇನ್ಮೇಲೆ ಪ್ಯಾಂಟಿಗೆ ಕೆಸರಿಲ್ಲ."

"ನನ್ನ ಕಡ್ಡಿ ಎಲ್ಲಿ?"

"ಯಾವ ಕಡ್ಡಿ?"

"ತೋಳಲ್ಲಿದ್ದದ್ದು."

"ಅದು ಕಡ್ಡಿ ಅಲ್ಲ ಅತ್ತಿಗೆ, ಕಂಬಿ. ಸೈಕಲ್ ಕಂಬಿ. ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಯ್ತು."

ಅವನು ಹೇಳಿದ್ದು ಸುಳ್ಳಲ್ಲ. ಮದುವೆಯಾದ ಹೊಸದರಲ್ಲಿ ಅಂಗಡಿಯ ಪ್ಲಾಸ್ಟಿಕ್ ಕಡ್ಡಿ ನನ್ನ ಕೈಯಲ್ಲಿ ಎರಡು ಸಲ ಮುರಿದಿತ್ತು. "ಮುರಿಯದೇ ಇರೋದು ಮಾಡ್ಕೊಡ್ತೀನಿ ಇರು," ಎಂದು ಗಂಡ ಆ ಮಡ್‌ಗಾರ್ಡಿನ ಕಂಬಿಗಳನ್ನು ಬಿಚ್ಚಿದ. ಗರಗಸದಿಂದ ಕತ್ತರಿಸಿ, ನಲ್ಲಿಯ ಪಕ್ಕದ ಕಲ್ಲಿಗೆ ತುದಿ ತೇಯ್ದು, ಮರಳು ಕಾಗದದಿಂದ ತಿಕ್ಕಿ, ಮೇಣ ಸವರಿದ. ಕುಣಿಕೆ ಜಾರದಂತೆ ಹಿಂಬದಿಗೆ ಟೂತ್‌ಪೇಸ್ಟಿನ ಮುಚ್ಚಳ ಒತ್ತಿದ, ಒಂದಕ್ಕೆ ಕೆಂಪು, ಒಂದಕ್ಕೆ ಬಿಳಿ. ಕುಣಿಕೆಗಳ ಲೆಕ್ಕಕ್ಕೆ ಕಡ್ಡಿಗೆ ಹಾಕುವ ಗುರುತಿನ ಉಂಗುರಗಳಿಗೆಂದು ಜ್ಯೂಸ್ ಕುಡಿಯುವ ಕೊಳವೆಯನ್ನು ಬಳೆ ಬಳೆಯಾಗಿ ಕತ್ತರಿಸಿದ. ಕಡ್ಡಿಯ ದಪ್ಪ ಅಳೆಯಲು ನೀರು ಸರಬರಾಜು ಕಚೇರಿಯ ತನ್ನ ಹಳೆಯ ಗುರುತಿನ ಚೀಟಿಗೆ ಕಾದ ಮೊಳೆಯಿಂದ ಸಾಲಾಗಿ ತೂತು ಹಾಕಿದ. ನನ್ನ ಕಡ್ಡಿ ಹಿಡಿಸುವ ತೂತು ಸರಿಯಾಗಿ ಫೋಟೋದ ಕಿವಿಯ ಮೇಲೆ ಬಿತ್ತು. "ನಂಗೂ ಕಿವಿ ಚುಚ್ಚಿದಂಗಾಯ್ತು," ಎಂದ.

ಆಮೇಲೆ ಮಳೆ ಬಂದಾಗಲೆಲ್ಲ ಪ್ಯಾಂಟಿನ ತುಂಬ ಕೆಸರು. ಅತ್ತೆ ಬೈದರೆ, "ಅವಳ ಸ್ವೆಟರ್ ಮುಗೀಲಿ, ಕಂಬಿ ವಾಪಸ್ ಹಾಕ್ತೀನಿ," ಎನ್ನುತ್ತಿದ್ದ.

ಮೈದುನನಿಗೆ ಅದು ನೆನಪಿತ್ತು. "ಅಣ್ಣನೇ ಅಂದಿದ್ನಲ್ಲ, ವಾಪಸ್ ಹಾಕ್ತೀನಿ ಅಂತ."

"ಸ್ವೆಟರ್ ಮುಗಿದ ಮೇಲೆ ಅಂದಿದ್ದ ನಿಮ್ಮಣ್ಣ."

"ಇನ್ನು ಯಾರಿಗೆ ಅಂತ ಮುಗಿಸ್ತೀರಾ ಅತ್ತಿಗೆ?"

ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಇರಿಸುಮುರಿಸಾಯಿತು. ಅತ್ತೆ ನಡುವೆ ಬಂದರು. "ಹಾಗ್ಯಾಕಂತೀಯೋ. ಬೇರೆ ಕಡ್ಡಿ ತಂದು ಮುಗಿಸ್ತಾಳೆ. ನಿಂಗೇ ಆಗುತ್ತೆ. ನಿಂಗೂ ಅವನದೇ ಮೈಕಟ್ಟು."

ನಾನು ಉಂಡೆಯನ್ನು ನೋಡುತ್ತಿದ್ದೆ. ಆ ತೋಳಿನ ಮೇಲಿನ ಭಾಗವನ್ನು ಆಸ್ಪತ್ರೆಯ ಬೆಂಚಿನ ಮೇಲೆ ಹೆಣೆದಿದ್ದೆ. ಒಳಗಿನ ಬಾಗಿಲು ತೆರೆದಾಗಲೆಲ್ಲ ದಾರ ಜಗ್ಗಿ ಹಿಡಿದಿದ್ದೆ, ಹಾಗಾಗಿ ಆ ಸಾಲುಗಳು ಬಿಗಿಯಾಗಿದ್ದವು. ಬೆರಳಿಟ್ಟರೆ ಗೊತ್ತಾಗುತ್ತಿತ್ತು. ಆ ವಾರದ್ದು ನನಗೆ ಬೇರೇನೂ ನೆನಪಿಲ್ಲ. ಯಾರು ಬಂದರು, ಯಾರು ಏನು ಹೇಳಿದರು, ಒಂದೂ ಇಲ್ಲ. ಆ ಸಾಲುಗಳಿದ್ದವು. ಈಗ ಅವೂ ಇಲ್ಲ.

ಅವನು ಹೋದ ದಿನ ನಾನು ಅಳಲಿಲ್ಲವೆಂದು ಜನ ಗುಸುಗುಸು ಆಡಿದ್ದರು. ಅತ್ತೆ ಅವನ ಅಂಗಿಗಳನ್ನು ಮೈದುನನಿಗೆ ಕೊಟ್ಟಾಗ ನನಗೆ ಏನೂ ಆಗಲಿಲ್ಲ. ವಾಚು ಕೊಟ್ಟಾಗ ಆಗಲಿಲ್ಲ. ಸೈಕಲ್ಲಿನ ಕೀ ಕೊಟ್ಟಾಗಲೂ ಇಲ್ಲ. ಈಗ ಮಾತ್ರ ಸಿಟ್ಟು ಬಂತು. ಬಂದದ್ದು ಒಳ್ಳೆಯದೇ ಅನ್ನಿಸಿತು.

ಮರುದಿನ ಉಲ್ಲನ್ ಅಂಗಡಿಗೆ ಹೋದೆ. ಇದ್ದ ಮೂರು ಭಾಗ ಆ ಕಡ್ಡಿಯಲ್ಲೇ ಆಗಿದ್ದವು; ನಾಲ್ಕನೆಯದೂ ಅದೇ ದಪ್ಪದಲ್ಲಿ ಆಗಬೇಕು, ಇಲ್ಲದಿದ್ದರೆ ತೋಳು ತೋಳಿಗೆ ಹೊಂದುವುದಿಲ್ಲ. ಉಲ್ಲನ್ ಉಂಡೆಯನ್ನೂ ಗುರುತಿನ ಚೀಟಿಯನ್ನೂ ಗಾಜಿನ ಮೇಲಿಟ್ಟೆ.

ಅಂಗಡಿಯವಳು ಕನ್ನಡಕ ಏರಿಸಿಕೊಂಡಳು. "ಇದೇನ್ರೀ, ಗಂಡನ ಮೇಲೆ ಇಷ್ಟೊಂದು ಕೋಪ? ಮುಖಕ್ಕೆ ತೂತು ಹಾಕಿಬಿಟ್ಟಿದ್ದೀರಲ್ಲ."

"ಅವನೇ ಹಾಕ್ಕೊಂಡಿದ್ದು."

"ಹಾಗಾದ್ರೆ ಒಳ್ಳೇ ಗಂಡ ಬಿಡಿ," ಎಂದು ನಕ್ಕಳು. ಅವಳಿಗೆ ತಿಳಿಯದು. ನಾನೂ ತಿಳಿಸಲಿಲ್ಲ.

ಅವಳು ಕೊಟ್ಟ ಒಂದು ಅಳತೆಯ ಕಡ್ಡಿ ಕಿವಿಯ ತೂತಿನಲ್ಲಿ ಸಡಿಲವಾಗಿ ಅಲ್ಲಾಡಿತು. ಅದಕ್ಕಿಂತ ಒಂದು ಅಳತೆ ದಪ್ಪದ್ದು ಒಳಗೇ ಹೋಗಲಿಲ್ಲ. "ನಡುವಿನದು ಯಾರೂ ಮಾಡಲ್ಲಮ್ಮ," ಎಂದಳು. "ದಾರ ಮಾತ್ರ ನೀರಲ್ಲಿ ನೆನೆಸಿ, ನೆಟ್ಟಗಾಗುತ್ತೆ."

ಭಾನುವಾರ ಬೆಳಿಗ್ಗೆ ಗಂಡನ ಪೆಟ್ಟಿಗೆಯಿಂದ ಸ್ಪ್ಯಾನರ್ ತೆಗೆದುಕೊಂಡು ಮೆಟ್ಟಿಲ ಕೆಳಗೆ ಕುಳಿತೆ. ಕಂಬಿಯ ತುದಿಗಳನ್ನು ಸೈಕಲ್ ಶಾಪಿನವನು ಕೊಕ್ಕೆಯ ಹಾಗೆ ಬಗ್ಗಿಸಿ ನಟ್ಟು ಬಿಗಿದಿದ್ದ. ಮೊದಲನೆಯ ನಟ್ಟು ಬಿಚ್ಚುವಷ್ಟರಲ್ಲಿ ಮೈದುನ ಬಂದು ನಿಂತ.

"ಏನ್ಮಾಡ್ತಿದ್ದೀರಾ ಅತ್ತಿಗೆ?"

"ಕಾಣಿಸ್ತಿಲ್ವಾ?"

"ನಾನು ಈಗ ಹೊರಗೆ ಹೋಗ್ಬೇಕು."

"ಹೋಗು. ಚಕ್ರ ಬಿಚ್ಚಿಲ್ಲ."

ಅವನು ತಾಯಿಯನ್ನು ಕರೆದ. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಅಯ್ಯೋ, ಅದನ್ನೇ ಹಿಡ್ಕೊಂಡು ಕೂತಿದ್ದೀಯಾ ಇನ್ನೂ? ಎಂ.ಎ. ಓದಿದೋಳು. ಕಡ್ಡೀನ ಗುಡ್ಡ ಮಾಡ್ಬೇಡ ಕಣೇ."

ನಾನು ತಲೆಯೆತ್ತಿದೆ. "ನೀವೂ ಅಂದ್ರಲ್ಲ ಅತ್ತೆ."

"ಏನಂದೆ?"

"ಕಡ್ಡಿ ಅಂತ."

ಮೈದುನ ಕೆಳಗೆ ನೋಡಿದ.

"ನೀನು ಅಂಗಿ ತಗೊಂಡೆ, ನಾನು ಕೇಳ್ಲಿಲ್ಲ," ಎಂದೆ ಅವನಿಗೆ. "ವಾಚು ತಗೊಂಡೆ. ಸೈಕಲ್ಲೂ ನಿಂದೇ, ಇಟ್ಕೋ. ಇದು ಅವನು ನಂಗೆ ಮಾಡಿಕೊಟ್ಟಿದ್ದು. ಇದನ್ನ ಕೊಡಲ್ಲ. ಇನ್ನೊಂದ್ಸಲ ನನ್ನ ಬುಟ್ಟಿಗೆ ಕೈ ಹಾಕಿದ್ರೆ ನಾನು ಈ ಮನೇಲಿರಲ್ಲ."

"ನಂಗೂ ಮಗ ಹೋಗಿಲ್ವಾ?" ಎಂದರು ಅತ್ತೆ. ದನಿ ಸಣ್ಣದಾಗಿತ್ತು.

"ಹೋಗಿದ್ದಾನೆ. ಅದಕ್ಕೇ ಒಂದು ತೋಳು ಬಿಚ್ಚಬೇಕಿತ್ತಾ?"

ಕೊನೆಯ ನಟ್ಟು ತೆಗೆದೆ. ಮಡ್‌ಗಾರ್ಡನ್ನು ಮತ್ತೆ ಗೋಡೆಯ ಮೊಳೆಗೆ ನೇತುಹಾಕಿದೆ. ಬಗ್ಗಿದ ತುದಿಗಳನ್ನು ನೆಟ್ಟಗೆ ಮಾಡುವ ಗೋಜಿಗೆ ಹೋಗಲಿಲ್ಲ. ಗರಗಸ ಹಿಡಿದು ಕತ್ತರಿಸಿದೆ. ಕಡ್ಡಿಗಳು ಗಿಡ್ಡವಾದವು. ಒಂದು ತೋಳಿಗೆ ಸಾಕು. ನಲ್ಲಿಯ ಪಕ್ಕದ ಅದೇ ಕಲ್ಲಿಗೆ ತೇಯ್ದೆ. ಅಂಗೈಯ ಚರ್ಮ ಸುಲಿಯಿತು. ನಿಲ್ಲಿಸಲಿಲ್ಲ. ಕೆಂಪು ಮುಚ್ಚಳ ಮಂಚದ ಕೆಳಗೆ ಸಿಕ್ಕಿತು. ಬಿಳಿಯದು ಸಿಗಲಿಲ್ಲ. ಬಚ್ಚಲಿಗೆ ಹೋಗಿ ಮೈದುನನ ಟೂತ್‌ಪೇಸ್ಟಿನ ಮುಚ್ಚಳ ಕಿತ್ತುಕೊಂಡು ಬಂದೆ. ಅವನು ನೋಡುತ್ತಿದ್ದ.

ಚೀಟಿ ತಂದು ಪರೀಕ್ಷಿಸಿದೆ. ಎರಡೂ ಕಡ್ಡಿ ಕಿವಿಯಲ್ಲಿ ಗಟ್ಟಿಯಾಗಿ ಕೂತವು.

ಸಂಜೆ ಕಿಟಕಿಯ ಬಳಿ ಕುಳಿತು ಮೊದಲ ಸಾಲಿಗೆ ಕುಣಿಕೆ ಹಾಕಿದೆ. ಹೊರಗೆ ರಸ್ತೆ ಒದ್ದೆಯಾಗಿತ್ತು. ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಮೈದುನ ಮನೆಗೆ ಬಂದ, ನೇರ ಬಚ್ಚಲಿಗೆ ಹೋದ. ಅತ್ತೆ ನನ್ನ ಎದುರಿನ ಕುರ್ಚಿಯಲ್ಲಿದ್ದರು. ಹೆಣಿಗೆಯನ್ನು ನೋಡುತ್ತ ಕೇಳಿದರು, "ಮುಗಿದ ಮೇಲೆ ಯಾರಿಗೆ?"

"ನಂಗೆ," ಎಂದೆ, ಕಡ್ಡಿ ಮುರಿದ ಹಾಗೆ.

"ನಿಂಗೆ ದೊಡ್ಡದಾಗುತ್ತೆ."

"ಆಗ್ಲಿ. ತೋಳು ಮಡಚ್ಕೊಳ್ತೀನಿ."

ದಾರವನ್ನು ನೀರಲ್ಲಿ ನೆನೆಸಿರಲಿಲ್ಲ. ಹಳೆಯ ಕುಣಿಕೆಗಳ ಬಾಗು ಅದರಲ್ಲಿ ಹಾಗೇ ಇತ್ತು. ಹೊಸ ಸಾಲು ಎದ್ದು ಬಿದ್ದು ಬರುತ್ತಿತ್ತು. ದಾರವನ್ನು ಜಗ್ಗಿ ಬಿಗಿಯಾಗಿ ಹೆಣೆದೆ. ಈ ಸಲ ಬೇಕೆಂದೇ.