ಕರೆಗಂಟೆಯ ಕೆಂಪು ದೀಪ

ಹೆಸರು ಹೇಳಬಾರದ ಒಂದು ಊರು. ಅಲ್ಲಿ ಆಳುವವರು ಡಂಗುರ ಹೊಡೆಸುತ್ತಿರಲಿಲ್ಲ, ಕಾಗದ ಅಂಟಿಸುತ್ತಿರಲಿಲ್ಲ. ಬಾಗಿಲ ಮೇಲೆ ಒಂದು ಗುರುತು ಹಾಕಿಸುತ್ತಿದ್ದರು, ಅಷ್ಟೇ. ಗುರುತಿನ ಅರ್ಥ ಕೇಳಿದವನು ತಪ್ಪಿತಸ್ಥ, ಕೇಳದೆ ತಿಳಿದುಕೊಂಡವನು ಸಜ್ಜನ. ಹೀಗಾಗಿ ಅಲ್ಲಿನ ಜನ ನೆರೆಯವರ ಮುಖಕ್ಕಿಂತ ಬಾಗಿಲನ್ನೇ ಹೆಚ್ಚು ನೋಡುತ್ತಿದ್ದರು.

ಆ ಊರಲ್ಲಿ ರೇಡಿಯೊ, ಮಿಕ್ಸಿ ರಿಪೇರಿ ಮಾಡುವ ಸಂಕಮ್ಮ ಇದ್ದಳು. ಅವಳ ತಾಯಿಗೆ ಕಣ್ಣು ಮಂಜು. ಸಂಜೆ ಹೊತ್ತು ಕರೆಗಂಟೆಯ ಗುಂಡಿ ಸಿಗದೆ ಮುದುಕಿ ಗೋಡೆ ತಡವುತ್ತ ನಿಲ್ಲುತ್ತಿದ್ದಳು. ಸಂಕಮ್ಮ ಒಂದು ಕೆಂಪು ಎಲ್‌ಇಡಿ, ಒಂದು ರೆಸಿಸ್ಟರ್, ಒಂದು ಡಯೋಡು ಬೆಸೆದು ಪುಟ್ಟ ಸರ್ಕ್ಯೂಟ್ ಮಾಡಿ ಗುಂಡಿಯ ಹಿಂದೆ ಕೂರಿಸಿದಳು; ಗುಂಡಿ ಕೆಂಪಗೆ ಹೊಳೆಯತೊಡಗಿತು. ತಾಯಿ ಮೊದಲ ಸಲಕ್ಕೇ ಗಂಟೆ ಒತ್ತಿ ನಕ್ಕಳು.

ಬೀದಿಯವರು ನಗಲಿಲ್ಲ. ಅದೂ ಆಳುವವರ ಗುರುತೇ ಎಂದುಕೊಂಡರು. ಎದುರುಮನೆಯವನು ಮೆಲ್ಲಗೆ ಬಂದ.

"ಏನಮ್ಮಾ ಅದು, ಮೇಲಿನಿಂದ ಬಂದದ್ದಾ?"

"ಅಯ್ಯೋ, ಗುಂಡಿ ಕಾಣಲಿ ಅಂತ ನಾನೇ ಹಾಕಿದ್ದು ಕಣಣ್ಣ."

"ಹೇಳೋ ಹಾಗಿಲ್ಲ ಅಂದ್ರೆ ಬೇಡ ಬಿಡು. ನಮಗೂ ಒಂದು ಹಾಕಿಕೊಡು."

ಹಗ್ಗ ಕಂಡರೆ ಹಾವೆನ್ನುವ ಜನಕ್ಕೆ ದೀಪ ಬೇರೆ ಸಿಕ್ಕಿತು. ತಿಂಗಳೊಳಗೆ ಬೀದಿಯ ಬಾಗಿಲುಗಳೆಲ್ಲ ಕೆಂಪಾದವು. ನಿಜ ಹೇಳಿದಷ್ಟೂ ಜನ ಅವಳನ್ನು ಸಂಶಯದಿಂದ ನೋಡಿದ್ದರಿಂದ ಸಂಕಮ್ಮ ಹೇಳುವುದನ್ನೇ ಬಿಟ್ಟಳು. ದೀಪ ಹಾಕಿಸದೆ ಉಳಿದವಳು ಅವಳ ಗೆಳತಿ ಹನುಮಕ್ಕ ಮಾತ್ರ.

"ನನ್ನ ಗುಂಡಿ ನನಗೆ ಕಾಣುತ್ತೆ ಕಣೇ. ನಿನ್ನ ಮಾತು ನಂಬೋಳು ಒಬ್ಬಳಾದರೂ ಬೇಡವಾ?" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಸಂಕಮ್ಮನಿಗೆ ಭಯವಾಗುತ್ತಿತ್ತು. "ನನಗೋಸ್ಕರ ಹಾಕಿಸ್ಕೋ" ಎಂದು ಎರಡು ಸಲ ಕೈ ಹಿಡಿದು ಬೇಡಿಕೊಂಡಳು. ಹನುಮಕ್ಕ ಒಪ್ಪಲಿಲ್ಲ.

ಒಂದು ಬೆಳಿಗ್ಗೆ ಅಧಿಕಾರಿ ಕಾವಲಿನವರೊಂದಿಗೆ ಬಂದ. ಸಾಲು ದೀಪ ನೋಡಿ ಗಕ್ಕನೆ ನಿಂತ. ಇಂಥ ಅಪ್ಪಣೆ ಅವನಿಗೆ ತಿಳಿದಿರಲಿಲ್ಲ. ಆದರೆ ಅರ್ಥ ಕೇಳುವಂತಿರಲಿಲ್ಲವಲ್ಲ. ಹಾಗಾಗಿ ದೀಪವಿಲ್ಲದ ಬಾಗಿಲು ಹುಡುಕುತ್ತ ಹೋಗಿ ಹನುಮಕ್ಕನ ಮನೆ ಮುಂದೆ ನಿಂತ.

"ನಿನಗೆ ಯಾಕಿಲ್ಲ?"

"ಅದು ಬರೀ ಗುಂಡಿ ಕಾಣೋಕೆ ಸ್ವಾಮಿ," ಎಂದಳು ಹನುಮಕ್ಕ. "ಮಾಡಿದವಳೇ ಹೇಳಿದ್ದಾಳೆ, ಕೇಳಿ."

ಇಡೀ ಬೀದಿ ಸಂಕಮ್ಮನ ಕಡೆ ತಿರುಗಿತು.

"ಹೇಳಿದ್ದೆಯಾ?" ಎಂದು ಅಧಿಕಾರಿ ಅವಳನ್ನು ಕೇಳಿದ.

ಸಂಕಮ್ಮನಿಗೆ ಮನೆಯೊಳಗಿದ್ದ ತಾಯಿಯ ನೆನಪಾಯಿತು.

"ಇಲ್ಲ ಸ್ವಾಮಿ. ನಾನು ಹಾಗೆ ಹೇಳೇ ಇಲ್ಲ."

ಹನುಮಕ್ಕ ಗೆಳತಿಯ ಮುಖವನ್ನೊಮ್ಮೆ ನೋಡಿ ಕಾವಲಿನವರ ನಡುವೆ ನಡೆದುಹೋದಳು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಅಧಿಕಾರಿ ಮಾತ್ರ ಹಿಂದೆ ಉಳಿದ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಇದು ಯಾರ ಅಪ್ಪಣೆ? ನಿನಗಾದರೂ ಗೊತ್ತಾ?"

"ಗೊತ್ತಿಲ್ಲ ಸ್ವಾಮಿ," ಎಂದಳು ಸಂಕಮ್ಮ.

ಅವನ ಮುಖ ಬಿಳಿಚಿಕೊಂಡಿತು.

"ಹಾಗಾದರೆ ನಮ್ಮ ಮನೆಗೂ ಇವತ್ತೇ ಒಂದು ಹಾಕಿಬಿಡು," ಎಂದ.